ಟವಲಿನ ಕೆಳಗಿನ ದರ

ಮೂರು ಭಾಷೆ ಬೆರೆಯುವ ಗಡಿಯೂರು ಸೂಳಗಿರಿಯಲ್ಲಿ ನಮ್ಮ ತಂದೆಗೆ ಹುಣಸೆ ಮಂಡಿ ಇತ್ತು. ಎಪ್ಪತ್ತರ ದಶಕದಲ್ಲಿ ಅಲ್ಲಿ ಯಾರೂ ದರವನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅಪ್ಪನೂ ಹೊರಗಿನಿಂದ ಬಂದ ವ್ಯಾಪಾರಿಯೂ ಕೈ ಕೈ ಹಿಡಿದು, ಮೇಲೆ ಟವಲು ಮುಚ್ಚಿ, ಬೆರಳು ಒತ್ತಿಯೇ ದರ ಮುಗಿಸುತ್ತಿದ್ದರು. ಪಕ್ಕದಲ್ಲೇ ನಿಂತ ರೈತನಿಗೆ ತನ್ನ ಹಣ್ಣು ಎಷ್ಟಕ್ಕೆ ಹೋಯಿತೆಂದು ತಿಳಿಯುತ್ತಿರಲಿಲ್ಲ. ಅಪ್ಪ ಹೇಳಿದ್ದೇ ದರ.

ಆ ಬೆರಳಿನ ಲೆಕ್ಕವನ್ನು ನಾನು ಅಪ್ಪನ ತೊಡೆಯ ಮೇಲೆ ಕೂತೇ ಕಲಿತಿದ್ದೆ. ನನ್ನ ತಮ್ಮನಿಗೆ ಅದು ಕೊನೆಗೂ ತಲೆಗೆ ಹತ್ತಲಿಲ್ಲ. ಆದರೇನು, ನಾನು ದೊಡ್ಡವಳಾದ ಮೇಲೆ ಅಡುಗೆಮನೆ ಸೇರಿದೆ, ಗಾದಿಯ ಮೇಲೆ ಅವನು ಕೂತ. ಗಂಡಸರ ಕೈ ಹಿಡಿದು ಮಾಡುವ ವ್ಯಾಪಾರ ಹೆಣ್ಣಿಗೆ ಹೇಗಾದೀತು ಎನ್ನುವುದು ಮನೆಯವರ ಮಾತು.

ನಮ್ಮ ಹಿತ್ತಲಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುವ ಕೂಲಿಯವಳೊಬ್ಬಳಿದ್ದಳು, ನನ್ನದೇ ವಯಸ್ಸು. ಒಂದು ಸುಗ್ಗಿಯಲ್ಲಿ ಅವಳು ತಾನೇ ಹಣ್ಣು ಕೊಳ್ಳುತ್ತೇನೆಂದು ಮಂಡಿಗೆ ಬಂದು ಕೈ ಚಾಚಿದಳು. ಅಪ್ಪ ಟವಲನ್ನು ಹೆಗಲ ಮೇಲೆ ಹಾಕಿಕೊಂಡರು.

"ನಿಮ್ಮೋರ ಕೈನ ನಾವ್ ಹಿಡಿಯಾಕಾಯ್ತದೇನಮ್ಮಾ? ಅದ್ರಾಗೂ ಹೆಂಗ್ಸು. ಹೋಗು, ಹಿತ್ಲಾಗೆ ಕೆಲ್ಸ ನೋಡು."

ಎಲ್ಲರೂ ನಕ್ಕರು. ಬಾಗಿಲ ಹಿಂದಿದ್ದ ನನಗೂ ಸಮಾಧಾನವಾಯಿತು, ಸುಳ್ಳೇಕೆ ಹೇಳಲಿ. ನನಗೆ ಸಿಗದ್ದು ಅವಳಿಗೇಕೆ ಸಿಗಬೇಕು?

ಮುಂದಿನ ಸಂತೆಯ ದಿನ ಅವಳು ಹೆದ್ದಾರಿಯಲ್ಲಿ ಲಾರಿಗಳು ನಿಲ್ಲುವ ಕಡೆ ತಕ್ಕಡಿ ಇಟ್ಟುಕೊಂಡು ಕೂತಳು. ಅವಳ ಕೈ ಹಿಡಿಯುವವರಿಲ್ಲ, ಹಾಗಾಗಿ ದರವನ್ನು ಕೂಗಿಯೇಬಿಟ್ಟಳು. ಕನ್ನಡದಲ್ಲಿ, ತೆಲುಗಿನಲ್ಲಿ, ತಮಿಳಿನಲ್ಲಿ. "ನಾ ಕೊಳ್ಳಾ ದರ ಇದು, ಲಾರಿಯೋರಿಗೆ ಮಾರಾ ದರ ಇದು. ಕೇಳ್ಕೊಂಡು ಕೊಡ್ರಣ್ಣಾ!" ಬೇರಿಕೆ ಊರಿನ ಕಡೆಯ ರೈತರು ಗಾಡಿ ನಿಲ್ಲಿಸಿ ಕೇಳಿದರು. ಆಮೇಲೆ ಎತ್ತುಗಳನ್ನು ಅವಳ ಕಡೆಗೇ ತಿರುಗಿಸಿದರು.

ನಮ್ಮ ಮಾಳಿಗೆಯವರೆಗೂ ಅವಳ ದನಿ ಕೇಳುತ್ತಿತ್ತು. ನನ್ನ ಹೊಟ್ಟೆ ಉರಿಯುತ್ತಿತ್ತು. ಅವಳು ಕೂಗುವ ಲೆಕ್ಕದಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಅವಳ ಗಂಟಲು ಕಟ್ಟಿಹೋಗಲಿ ಎಂದು ದೇವರಿಗೆ ಕೈ ಮುಗಿದೆ. ಮರುವಾರ ಇನ್ನೂ ಜೋರಾಗಿ ಕೂಗಿದಳು.

ಎರಡು ಮೂರು ಸುಗ್ಗಿ ಕಳೆಯುವಷ್ಟರಲ್ಲಿ ನಮ್ಮ ಮಂಡಿಯ ಮುಂದೆ ಗಾಡಿಗಳೇ ಇಲ್ಲದಂತಾಯಿತು. ಒಂದು ಮಧ್ಯಾಹ್ನ ಊಟಕ್ಕೆ ಕೂತ ಅಪ್ಪ ಟವಲನ್ನು ಮೂಲೆಗೆ ಎಸೆದು ತಮ್ಮನ ಮೇಲೆ ರೇಗಿದರು.

"ಅವಳ ಕಾಲ್ ಧೂಳಿಗೂ ನೀ ಸಮ ಇಲ್ಲ ಕಣ್ಲಾ. ಅಂಥಾ ಒಂದು ಹೆಣ್ಣು ನಮ್ಮನೇಲಿ ಹುಟ್ಟಿದ್ದಿದ್ರೆ ಮಂಡಿ ಉಳ್ಕೊಂತಿತ್ತು."

ನಾನು ಅವರ ತಟ್ಟೆಗೆ ಮುದ್ದೆ ಬಡಿಸುತ್ತಿದ್ದೆ.