ಮೇಜಿನಡಿಯ ವೈರಪ್ಪ

ಸರ್ಕಾರಿ ಕಚೇರಿಗಳನ್ನೆಲ್ಲ ಒಂದೇ ಜಾಲಕ್ಕೆ ಸೇರಿಸುವ ಹೊಸ ಫೋನುಗಳನ್ನು ಕೂರಿಸುವ ಗುತ್ತಿಗೆ ನೌಕರ ಮನೆಯಲ್ಲಿ ಇಂಜಿನಿಯರ್, ಕಚೇರಿಗಳಲ್ಲಿ ವೈರಪ್ಪ. ಫ್ಯಾನು ನಿಂತರೂ ಅವನನ್ನೇ ಕೂಗುತ್ತಾರೆ, ಗೋಡೆ ಗಡಿಯಾರ ನಿಂತರೂ ಅವನನ್ನೇ. ದಿನವೆಲ್ಲ ಮೇಜಿನಡಿಯಲ್ಲೇ ಇರುವುದರಿಂದ ಅಧಿಕಾರಿಗಳ ಮುಖ ಮರೆತಾನು, ಚಪ್ಪಲಿ ಮರೆಯಲಾರ. “ಎರಡೇ ನಿಮಿಷ ಸಾರ್” ಎಂದು ತೂರಿದವನು ಊಟದ ಹೊತ್ತಿಗೆ ತಲೆತುಂಬ ಜೇಡರಬಲೆ ಹೊತ್ತು ಹೊರಬರುತ್ತಾನೆ. ಹೊಸ ಫೋನು ಧೂಳಾಗದಿರಲೆಂದು ಸೂಪರಿಂಟೆಂಡೆಂಟರು ಅದನ್ನು ಬೀರುವಿನಲ್ಲಿಟ್ಟು ಬೀಗ ಜಡಿದರೂ ಅವನಿಗೆ ಸಿಟ್ಟಿಲ್ಲ. “ರಿಂಗಾದ್ರೆ ಬೀಗದ ಕೈ ಹುಡುಕ್ಬೇಡಿ ಸಾರ್, ಅಷ್ಟೊತ್ತಿಗೆ ಕಟ್ಟಾಗಿರುತ್ತೆ” ಎಂದು ನಗುತ್ತಾನೆ. ಮೊನ್ನೆ ಪಿಂಚಣಿ ವಿಭಾಗದ ಮೇಜಿನಡಿಯಿಂದ ನೋಡಿದರೆ, ಒಂದು ಜೊತೆ ಸವೆದ ಚಪ್ಪಲಿ ಬೆಳಗಿನಿಂದ ಮೂರನೇ ಸಲ ಬಂದು ನಿಂತಿತ್ತು. “ಎದುರು ಕಟ್ಟಡದವರು ಫೈಲು ಇಲ್ಲಿದೆ ಅಂತಾರೆ, ನೀವು ಅಲ್ಲಿದೆ ಅಂತೀರಿ. ಯಜಮಾನರು ಹೋಗಿ ಒಂದು ವರ್ಷ ಆಯ್ತಮ್ಮ, ಪಿಂಚಣಿ ಇನ್ನೂ ಬಂದಿಲ್ಲ,” ಎಂದಳು ಅಜ್ಜಿ. “ಇನ್ನೊಂದ್ಸಲ ಕೇಳ್ಕೊಂಡು ಬನ್ನಿ ಅಜ್ಜಿ,” ಎಂದಳು ಗುಮಾಸ್ತೆ. ವೈರಪ್ಪ ಧಡಕ್ಕನೆ ಎದ್ದ. ಮೇಜಿಗೆ ತಲೆ ಬಡಿಯಿತು. ಪ್ರತಿ ಹೊಸ ಫೋನಿನಲ್ಲೂ “ಹಲೋ, ಕೇಳಿಸ್ತಾ?” ಎಂದಷ್ಟೇ ಕೇಳಿ ಇಡುತ್ತಿದ್ದವನು ಅಂದು ಎದುರು ಕಟ್ಟಡದ ನಾಲ್ಕು ಅಂಕಿ ಒತ್ತಿ, ರಿಸೀವರನ್ನು ಗುಮಾಸ್ತೆಯ ಕೈಗಿಟ್ಟ: “ನೀವೇ ಕೇಳಿ ಮೇಡಂ.” ಹನ್ನೊಂದು ವರ್ಷದಿಂದ ರಸ್ತೆಯ ಆಚೀಚೆ ಕೂತು, ಒಬ್ಬರ ಸಹಿಯನ್ನು ಮಾತ್ರ ಇನ್ನೊಬ್ಬರು ಬಲ್ಲ ಇಬ್ಬರು ಮೊದಲ ಬಾರಿಗೆ ಮಾತಾಡಿದರು. ಆ ಕಡೆಯವರು ಹುಡುಕುವಷ್ಟು ಹೊತ್ತೂ ಈ ಕಡೆ ಮೂವರೂ ರಿಸೀವರಿನತ್ತ ಬಾಗಿದ್ದರು. ಫೈಲು ಅಲ್ಲೇ ಇತ್ತು. ಗುಮಾಸ್ತೆ ಎದ್ದು ತನ್ನ ಕುರ್ಚಿಯನ್ನೇ ಅಜ್ಜಿಯತ್ತ ಎಳೆದಳು. “ಕೂತ್ಕೊಳ್ಳಿ ಅಜ್ಜಿ, ಇನ್ನು ಫೈಲೇ ನಡ್ಕೊಂಡು ಬರುತ್ತೆ.”