ಟ್ಯಾಂಕಿನ ಸುತ್ತ ಅಮೆರಿಕ

ಆ ಕಾಲದಲ್ಲಿ ಸೌದಿಯ ಬೆಟ್ಟದೂರಾದ ತಾಯಿಫಿನಲ್ಲಿ ನಮ್ಮಂಥ ಮನೆಗಳ ಮಕ್ಕಳಿಗೆ ಅಂಗಳ ಎಂದರೆ ಟೆರೇಸು. ತಾಯಿಫ್ ಗುಲಾಬಿಯ ಊರು ಎಂದು ಎಲ್ಲರೂ ಹೊಗಳುತ್ತಾರೆ, ಹೊಗಳಲಿ. ನಾವಿದ್ದ ಬಾಡಿಗೆ ಕಟ್ಟಡದ ಮೆಟ್ಟಿಲ ತುಂಬ ಇದ್ದದ್ದು ಉಮ್ಮ ಹುರಿಯುತ್ತಿದ್ದ ಒಣಮೀನಿನ ವಾಸನೆ. ಅದನ್ನು ದಾಟಿ ಮೇಲೆ ಹತ್ತಿದರೆ ನೀರಿನ ಟ್ಯಾಂಕುಗಳು, ಡಿಶ್‌ಗಳು, ಒಣಹಾಕಿದ ಬಟ್ಟೆ, ಮೂಗು ಕೆಂಪಾಗಿಸುವ ಚಳಿ.

ಆ ಚಳಿಗಾಲದಲ್ಲಿ ನಮಗೆ ಓಟದ ಹುಚ್ಚು ಹಿಡಿಸಿದವರು ನಮ್ಮಪ್ಪ, ಬಾಪ. ಉಡುಪಿಯ ಕಾಲೇಜಿನಲ್ಲಿ ದೂರದ ಓಟ ಓಡಿದವರು, ಇಲ್ಲಿ ಭಟ್ಕಳದವರೊಬ್ಬರ ಬಟ್ಟೆಯಂಗಡಿಯಲ್ಲಿ ದಿನವಿಡೀ ನಿಂತು ಮಂಡಿ ಸವೆಸಿಕೊಂಡಿದ್ದರು. ಶುಕ್ರವಾರ ಬೆಳಿಗ್ಗೆ ಸುಲೈಮಾನಿ ಚಹಾದ ಲೋಟ ಹಿಡಿದು ಟೆರೇಸಿನ ಕಟ್ಟೆಯ ಮೇಲೆ ಕುಳಿತರೆ ಅವರ ಬಾಯಲ್ಲಿ ಫಿನ್ಲೆಂಡಿನ ಓಟಗಾರರ ಕಥೆ. ನೂರು ವರ್ಷದ ಹಿಂದೆ ಆ ಹಿಮದ ನಾಡಿನಿಂದ ಅಮೆರಿಕಕ್ಕೆ ಹೋದವರು, ಹಗಲು ಗಾರೆ ಕೆಲಸ ಮಾಡಿ ಬಿಡುವಿನಲ್ಲಿ ಓಡಿದವರು.

"ಬಯಲಲ್ಲಿ ಮಾತ್ರ ಅಲ್ಲ, ದೊಡ್ಡ ಹಾಲ್‌ನ ಒಳಗೆ ಹಲಗೆ ಹಾಸಿ ಕೂಡ ಓಡಿಸ್ತಿದ್ರು. ನೋಡ್ಲಿಕ್ಕೆ ಬಂದವರ ಸಿಗರೇಟಿನ ಹೊಗೆ ಕುಡಿದುಕೊಂಡು ಸುತ್ತುದೇ ಸುತ್ತುದು."

"ಗೆದ್ರೆ ಅವರ ಬಾವುಟ ಹಾರಿಸ್ತಿದ್ರಾ?" ಎಂದ ಅಣ್ಣ ಇರ್ಫಾನ್.

"ಬಾವುಟ ಎಲ್ಲುಂಟು? ಅವರ ದೇಶ ಆಗ ರಷ್ಯಾದ ಕೈಯಲ್ಲಿ. ನಮ್ಮ ಹಾಗೆ ಪರದೇಶಿಗಳು ಮಾರಾಯ."

ಅಂದಿನಿಂದ ಟೆರೇಸೇ ಅಮೆರಿಕ. ಟ್ಯಾಂಕುಗಳ ಸುತ್ತ ಬರಿಗಾಲಲ್ಲಿ ನಮ್ಮ ಓಟ. ಇಬ್ಬರಿಗೂ ಫಿನ್ಲೆಂಡೇ ಬೇಕು, ಅದಕ್ಕೂ ಜಗಳ. ಮೊದಲು ಮುಂದೆ ನುಗ್ಗುವವನು ಇರ್ಫಾನ್, ಕೊನೆಗೆ ಏದುಸಿರು ಬಿಡುವವನೂ ಅವನೇ. ಆದರೂ ಸೋತೆ ಎನ್ನಲಿಕ್ಕೆ ಅವನ ನಾಲಿಗೆ ಏಳುತ್ತಿರಲಿಲ್ಲ. "ನಾನು ಬಿಟ್ಟುಕೊಟ್ಟದ್ದು" ಎನ್ನುತ್ತಿದ್ದ. ಕೇಳಿ ಕೇಳಿ ಬೇಸತ್ತು ಬಾಪ, ರಜೆಯ ಕೊನೆಯ ಶುಕ್ರವಾರ ಸರಿಯಾದ ಪಂದ್ಯ ಇಡುತ್ತೇನೆಂದರು. ಅಷ್ಟರಲ್ಲಿ ನಾನು ದೊಡ್ಡವಳಾದೆನೆಂದು ನನಗೆ ಮೈತುಂಬ ಮುಚ್ಚುವ ಅಬಾಯ ಹೊಲಿಸಲು ಉಮ್ಮ ಕಪ್ಪು ಬಟ್ಟೆ ತಂದಾಗಿತ್ತು. ರಜೆ ಮುಗಿದ ಮೇಲೆ ಟೆರೇಸಿಗೆ ಹೋಗಬಾರದು ಎಂದೂ ಹೇಳಿಯಾಗಿತ್ತು. ಹಾಗಾಗಿ ಆ ಒಂದು ಓಟ ನನಗೆ ಬೇಕೇ ಬೇಕಿತ್ತು.

ಓಡಿದೆವು. ಇರ್ಫಾನ್ ಎಂದಿನಂತೆ ಮುಂದೆ ಹೋದ, ಎಂದಿನಂತೆ ದಣಿದ. ನಾನು ಅವನ ಬೆನ್ನ ಹಿಂದೆಯೇ ಇದ್ದೆ, ಅವನ ಉಸಿರು ಕೇಳುತ್ತಿತ್ತು. ಆಗ ಬಟ್ಟೆ ತೆಗೆಯಲು ಉಮ್ಮ ಮೇಲೆ ಬಂದರು. ಪಕ್ಕದ ಕಟ್ಟಡದ ಮೇಲೆ ಡಿಶ್ ರಿಪೇರಿಗೆ ಬಂದವರು ಕೆಲಸ ಬಿಟ್ಟು ನಮ್ಮ ಓಟ ನೋಡುತ್ತಿದ್ದರು.

"ಸಾಕು, ಇಳಿ ಕೆಳಗೆ. ಆಚೆ ಗಂಡಸರು ನಿಂತದ್ದು ಕಾಣುದಿಲ್ವಾ ನಿಂಗೆ?"

ನಾನು ಬಾಪನ ಮುಖ ನೋಡಿದೆ. "ಇನ್ನು ಎರಡೇ ಸುತ್ತು ಬಾಪ" ಎಂದೆ.

ಬಾಪ ಲೋಟದೊಳಗೆ ನೋಡುತ್ತ, "ಉಮ್ಮ ಹೇಳಿದ್ದು ಕೇಳು ಮಗಳೇ" ಎಂದರು.

ಇರ್ಫಾನ್ ನಿಲ್ಲಲಿಲ್ಲ. ನಾನು ಮೆಟ್ಟಿಲಿಳಿಯುವಾಗ ಅವನ ಹೆಜ್ಜೆ ತಲೆಯ ಮೇಲೆ ಧಪಧಪ ಕೇಳುತ್ತಿತ್ತು. ಉಮ್ಮನ ಮೇಲೆ ಸಿಟ್ಟು ಬಂದದ್ದು ಎರಡು ದಿನ, ಬಾಪನ ಮೇಲೆ ಬಹಳ ವರ್ಷ. ಅವರು ಮತ್ತೆ ಫಿನ್ಲೆಂಡಿನ ಮಾತೆತ್ತಲಿಲ್ಲ. ನಾನೂ ಕೇಳಲಿಲ್ಲ.

ಈಗ ನಾನಿರುವುದು ಜಿದ್ದಾದಲ್ಲಿ. ಕಡಲ ದಂಡೆಯಲ್ಲಿ ಹೆಂಗಸರು ಬೂಟು ಹಾಕಿ ಓಡುತ್ತಾರೆ, ಯಾರೂ ತಿರುಗಿ ನೋಡುವುದಿಲ್ಲ. ಮಗಳ ಶಾಲೆಯಲ್ಲಿ ಹುಡುಗಿಯರಿಗೂ ಓಟದ ಸ್ಪರ್ಧೆ. "ರನ್ನಿಂಗ್ ಎಲ್ಲ ಬೋರ್ ಮಮ್ಮಿ" ಎನ್ನುತ್ತಾಳೆ. ಬೇಡದಿದ್ದರೆ ಬೇಡ ಎಂದೆ, ವಾದಿಸಲು ತ್ರಾಣವಿಲ್ಲ. ಒಂದು ಸಂಜೆ ನಾನೇ ಹೋಗಿ ಸ್ವಲ್ಪ ಓಡಿ, ಬೆಂಚಿನ ಮೇಲೆ ಕುಳಿತುಬಿಟ್ಟೆ. ಕಾಲು ಸೋತಿರಲಿಲ್ಲ. ಓಡಬೇಕೆಂಬ ಆಸೆಯೇ ಎಲ್ಲೋ ಬತ್ತಿಹೋಗಿತ್ತು.

ಬಾಪ ತೀರಿಹೋದರು. ಇರ್ಫಾನ್ ಮಂಗಳೂರಿನಿಂದ ಫೋನ್ ಮಾಡಿದಾಗಲೆಲ್ಲ ಕೆಣಕುತ್ತಾನೆ: "ಅವತ್ತು ಗೆದ್ದದ್ದು ನಾನೇ ಅಲ್ವಾ?"

"ಹೌದು ಮಾರಾಯ, ನೀನೇ" ಎನ್ನುತ್ತೇನೆ.

ಬಹುಶಃ ನಿಜಕ್ಕೂ ಅವನೇ ಗೆಲ್ಲುತ್ತಿದ್ದನೇನೋ. ನನ್ನನ್ನು ಮಾತ್ರ ಓಡಿ ಸೋಲಲಿಕ್ಕೂ ಯಾರೂ ಬಿಡಲಿಲ್ಲ.