ಸೊಸೆಯ ವೋಡ್ಕಾಗೆ ನಾನಿಟ್ಟ ಹೆಸರು

ಮದ್ಯದ ಬಾಟಲಿಯೊಂದಕ್ಕೆ ಹೆಸರಿಡುವ ಯೋಗ ನನಗೆ ಈ ಮುಪ್ಪಿನಲ್ಲಿ ಬಂತು. ನಾನು ಜನ್ಮದಲ್ಲಿ ಒಂದು ಹನಿ ಮುಟ್ಟಿದವಳಲ್ಲ.

ನನ್ನ ಸೊಸೆ ಮದ್ದೂರಿನ ಹತ್ತಿರ ಒಂದು ಡಿಸ್ಟಿಲರಿಯಲ್ಲಿ ಬ್ಲೆಂಡರ್, ಮದ್ಯದ ರುಚಿ ಹದ ಮಾಡುವವಳು. ಮಳವಳ್ಳಿ ಕಡೆಯ ಹುಡುಗಿ, ಎಂ.ಎಸ್ಸಿ. ಮಾಡಿದವಳು, ಮನೆಯಲ್ಲಿ ಮಾತು ಮಾತ್ರ ತವರಿನದೇ, ಹಕಾರ ನುಂಗಿದ್ದು. ಕಬ್ಬಿನ ಕಾಕಂಬಿಯಿಂದ ಅಗ್ಗದ ಮದ್ಯ ಮಾಡಿಕೊಂಡಿದ್ದ ಡಿಸ್ಟಿಲರಿಯ ಯಜಮಾನರನ್ನು ಪ್ರೀಮಿಯಂ ವೋಡ್ಕಾಗೆ ಒಪ್ಪಿಸಿದವಳು ಇವಳೇ. ಕಾಕಂಬಿ ಬಿಟ್ಟು ನಮ್ಮ ಗದ್ದೆಗಳ ಅಕ್ಕಿಯ ನುಚ್ಚು ತರಿಸಿದಳು. ನುಚ್ಚು ಬೇಯಿಸಿ, ಹುಳಿ ಬರಿಸಿ, ಮತ್ತೆ ಮತ್ತೆ ಭಟ್ಟಿ ಇಳಿಸಿ, ಕೊನೆಗೆ ತೆಂಗಿನ ಚಿಪ್ಪಿನ ಇದ್ದಿಲಲ್ಲಿ ಸೋಸುವುದು. ಸಂಜೆ ಡೈನಿಂಗ್ ಟೇಬಲ್ಲಿನ ಮುಂದೆ ಕೂತು ಎಲ್ಲವನ್ನೂ ನನಗೆ ಹೇಳುವಳು.

"ವೋಡ್ಕಾ ಅಂದ್ರೆ ಏನೂ ಇರಬಾರ್ದು ಕಣತ್ತೆ. ವಾಸ್ನೆ ಇರಬಾರ್ದು, ಬಣ್ಣ ಇರಬಾರ್ದು, ಗಂಟ್ಲು ಉರೀಬಾರ್ದು."

"ಏನೂ ಇಲ್ಲದ್ದಕ್ಕೆ ಜನ ಯಾಕಮ್ಮ ಅಷ್ಟು ದುಡ್ಡು ಕೊಡ್ತಾರೆ?"

"ಅದುಕ್ಕೇ ಚೆಂದದ ಬಾಟ್ಲಿ, ಚೆಂದದ ಎಸ್ರು" ಅಂತ ನಕ್ಕಳು.

ಯಜಮಾನರಿಗೆ ಮಾತ್ರ ಅಳುಕು. ಇಷ್ಟು ಸಪ್ಪೆಯಾದದ್ದನ್ನು ಯಾರು ಕುಡಿಯುತ್ತಾರೆ? ಬಾರ್ ಮಾಲೀಕರಿಗೆ ರುಚಿ ತೋರಿಸೋಣ, ಅವರು ಒಪ್ಪದಿದ್ದರೆ ನಿಂಬೆ ಎಸೆನ್ಸ್ ಬೆರೆಸಿ ಅಗ್ಗಕ್ಕೆ ಮಾರಿಬಿಡೋಣ ಅಂದರು. ಎಸೆನ್ಸಿಗೆ ಆರ್ಡರೂ ಹೋಯಿತು. ಅದನ್ನು ಸುರಿದರೆ ಅವಳು ವರ್ಷಗಟ್ಟಲೆ ದುಡಿದದ್ದೆಲ್ಲ ಅದರೊಳಗೆ ಮುಳುಗಿದಂತೆಯೇ.

ಬೆಂಗಳೂರಿನ ಜಾಹೀರಾತು ಏಜೆನ್ಸಿ ಕಳಿಸಿದ ಹೆಸರುಗಳಲ್ಲೆಲ್ಲ ಹಿಮ, ರಷ್ಯಾದ ಅರಮನೆ. "ಮಂಡ್ಯದಲ್ಲಿ ಎಲ್ಲತ್ತೆ ಐಸು? ನೀವು ಕಾನ್ವೆಂಟಲ್ಲಿ ಓದ್ದೋರು, ಒಂದು ಏಳಿ" ಅಂದಳು. ನನಗೆ ತಟ್ಟನೆ ಹೊಳೆದದ್ದು 'ಹಶ್'. ಸದ್ದು ಮಾಡಬೇಡ ಅಂತ ತುಟಿಯ ಮೇಲೆ ಬೆರಳಿಟ್ಟು ಹೇಳುವ ಮಾತು. ಸದ್ದೇ ಮಾಡದ ಪೇಯಕ್ಕೆ ಎಷ್ಟು ಎಲಿಗಂಟ್! ಏಜೆನ್ಸಿಯವರೂ ಮೆಚ್ಚಿ, ಮಂಜು ಹಿಡಿದಂಥ ದಪ್ಪ ಗಾಜಿನ ಮೇಲೆ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಬರೆಸಿದರು. ಮದ್ಯದ ಜಾಹೀರಾತು ಹಾಕುವಂತಿಲ್ಲವಲ್ಲ, ಅದೇ ಹೆಸರಿನ ಸೋಡಾ ತಂದು ಅದರ ಬೋರ್ಡು ನಿಲ್ಲಿಸುವುದೆಂದೂ ಪ್ಲಾನ್ ಆಯಿತು.

ರುಚಿ ತೋರಿಸುವ ದಿನ ಮಂಡ್ಯದ ಹೋಟೆಲಿನ ಹಾಲ್‌ಗೆ ನನ್ನನ್ನೂ ಕರೆದಿದ್ದರು. ದುದ್ದದಿಂದ ಬಂದಿದ್ದ ಬಾರ್ ಮಾಲೀಕರು ಬಾಟಲಿ ಎತ್ತಿ ಓದಿದರು. "ಎಚ್ಚು, ಯು, ಎಸ್ಸು... ಉಸ್ಸು! ಏನ್ಲಾ ಇದು, ಉಸ್ಸು?"

"ಹಶ್ ಅನ್ನಬೇಕು" ಎಂದೆ, ಟೀಚರಮ್ಮನ ಹಾಗೆ.

"ಅಸ್ಸಾ? ಬ್ಯಾಡ ಕಣವ್ವ, ಅಸು ಅಂದಂಗದೆ. ಗಿರಾಕಿ ಬಂದು ಆಲು ಕೇಳಾನು!"

ಅಲ್ಲಿದ್ದವರೆಲ್ಲ ನಕ್ಕರು. ನನ್ನ ಮುಖ ಬಿಸಿಯಾಯಿತು. ಪಕ್ಕದಲ್ಲಿದ್ದ ಮಳವಳ್ಳಿಯ ಮಾಲೀಕರು ತಡೆದರು. "ಉಸ್ಸು ಅಂತ್ಲೇ ಇರ್ಲಿ ಬುಡ್ಲಾ. ಗೇದು ಬಂದು ಕುಂತ್ಕಂಡ್ರೆ ಉಸ್ಸಪ್ಪಾ ಅನ್ನಲ್ವ?"

"ಈ ರೇಟ್ಗೆ ಗೇಯೋನು ಕುಡಿದಾನ್ಲಾ? ಆಪೀಸ್ನೋರು ಕುಡೀಬೇಕು."

"ಅವ್ರೇನು ನಿಂತ್ಕಂಡೇ ಇರ್ತಾರಾ?"

ಆಮೇಲೆ ಗ್ಲಾಸುಗಳು ಬಂದವು. ಹೀಗೇ ಇರಲೋ, ನಿಂಬೆ ಬೆರೆಸಲೋ, ನೀವೇ ಹೇಳಿ ಅಂದರು ಯಜಮಾನರು. ನನ್ನ ಸೊಸೆ ಗೋಡೆಗೆ ಒರಗಿ ದುಪಟ್ಟದ ತುದಿ ತಿರುಚುತ್ತಿದ್ದಳು. ದುದ್ದದವರು ನೀರು ಬೆರೆಸದೆ ಒಂದು ಗುಟುಕು ಕುಡಿದರು. ಇನ್ನೊಂದು ಗುಟುಕು ಕುಡಿದು ಯಜಮಾನರ ಕಡೆ ತಿರುಗಿದರು.

"ಗೌಡ್ರೆ, ಇದ್ಕೆ ನಿಂಬೆಅಣ್ಣು ಗಿಂಬೆಅಣ್ಣು ಆಕ್ಬ್ಯಾಡಿ. ಕೊನೇಗೆ ನಾಲ್ಗೆ ಮ್ಯಾಲೆ ಒಂಚೂರು ಸೀ ಅದೆ. ಅನ್ನದ ಗಂಜಿ ಇದ್ದಂಗೆ. ಅದು ಓಯ್ತದೆ."

ಮಳವಳ್ಳಿಯವರು ತಲೆಯಾಡಿಸಿ ಗ್ಲಾಸು ಮುಂದೆ ಚಾಚಿದರು. ಯಜಮಾನರು ಅಲ್ಲಿಯೇ ಫೋನ್ ಮಾಡಿ ಎಸೆನ್ಸಿನ ಆರ್ಡರ್ ಕ್ಯಾನ್ಸಲ್ ಮಾಡಿಸಿದರು. ಹೆಸರು ಅದೇ ಇರಲಿ, ಯಾರು ಹೇಗಾದರೂ ಕರೆಯಲಿ ಅಂದರು.

ಕಾರಿನಲ್ಲಿ ಕೂತ ಮೇಲೆ ಸೊಸೆ ನನ್ನ ಹೆಗಲ ಮೇಲೆ ತಲೆಯಿಟ್ಟಳು. ಮದುವೆಯಾಗಿ ಬಂದಂದಿನಿಂದ ಹಾಗೆ ಮಾಡಿದವಳಲ್ಲ. ಮನೆಯಲ್ಲಿ ಇಂಥವಳೊಬ್ಬಳಿದ್ದಾಳಲ್ಲ ಅಂತ ನನ್ನ ಕಣ್ಣು ತುಂಬಿತು. ಚಿಕ್ಕಂದಿನ ಅಭ್ಯಾಸ, ಇಂಗ್ಲಿಷಿನಲ್ಲೇ ದೇವರಿಗೆ ಥ್ಯಾಂಕ್ ಯೂ ಹೇಳಿದೆ. ಹೇಳಿದ್ದು ಹೆಂಡಕ್ಕಾಗಿ ಅನ್ನುವುದು ಮನೆ ಮುಟ್ಟಿದ ಮೇಲೆ ಹೊಳೆಯಿತು. ವಾಪಸ್ಸು ತೆಗೆದುಕೊಳ್ಳಲಿಲ್ಲ.